ಬಿಳಿ ಕೋಟಿನ ಮಕ್ಕಳು ಓಣಿಗೆ ಬಂದು ಏನು ಲೆಕ್ಕ ಹಾಕ್ತಾರೆ?

"ಮಂಗಳೂರಲ್ಲಿ ಸ್ಲಮ್ ಎಲ್ಲುಂಟು ಮಾರಾಯ್ರೆ?" ಅಂತ ಕೇಳುವವರು ಈಗಲೂ ಸಿಗುತ್ತಾರೆ. ಮುಂಬೈಯ ಧಾರಾವಿಯನ್ನು ಮನಸ್ಸಲ್ಲಿಟ್ಟುಕೊಂಡು ಕೇಳುವ ಪ್ರಶ್ನೆ ಅದು. ಆ ಗಾತ್ರದ್ದು ಇಲ್ಲಿ ಇಲ್ಲ, ನಿಜ. ನಮ್ಮೂರಿನ ಬಡತನ ಒಂದೇ ಕಡೆ ಗುಡ್ಡೆ ಬಿದ್ದಿಲ್ಲ, ಚದುರಿಕೊಂಡಿದೆ. ಬಂದರಿನ ಹಿಂದೆ ಒಂದಿಷ್ಟು, ನದಿ ದಂಡೆಯಲ್ಲಿ ಒಂದಿಷ್ಟು, ರೈಲು ಹಳಿಯ ಪಕ್ಕ ಒಂದಿಷ್ಟು. ಬೈಕಂಪಾಡಿಯ ಕಾರ್ಖಾನೆಗಳ ಸುತ್ತ ಬಾಡಿಗೆಯ ಲೈನ್ ಮನೆಗಳು. ಮೇಲೇಳುತ್ತಿರುವ ಅಪಾರ್ಟ್‌ಮೆಂಟಿನ ಕಾಂಪೌಂಡಿನ ಒಳಗೇ ತಗಡಿನ ಶೆಡ್ಡುಗಳು.

2011ರ ಜನಗಣತಿಯ ಲೆಕ್ಕದಲ್ಲಿ ಸ್ಲಮ್ ಅನ್ನಿಸಿಕೊಳ್ಳಬೇಕಾದರೆ ಒಂದೇ ಕಡೆ ಕನಿಷ್ಠ 300 ಜನ, ಅಥವಾ 60ರಿಂದ 70 ಮನೆಗಳು ಒತ್ತೊತ್ತಾಗಿ ಇರಬೇಕು. ಹನ್ನೆರಡು ಶೆಡ್ಡುಗಳ ಒಂದು ಸಾಲು ಈ ಲೆಕ್ಕಕ್ಕೆ ಬರುವುದಿಲ್ಲ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯ ಪ್ರಕಾರ ಸರ್ಕಾರ ಘೋಷಿಸಿದ ಜಾಗಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಅದರ ಹೆಸರೂ ಇರುವುದಿಲ್ಲ. ಆದರೆ ಅಲ್ಲಿ ಜನ ಇರುತ್ತಾರೆ, ಅವರಿಗೂ ಜ್ವರ ಬರುತ್ತದೆ. ಈ ಸಂಗತಿ ಲೇಖನದುದ್ದಕ್ಕೂ ನಮ್ಮ ಜೊತೆಗೇ ಬರುತ್ತದೆ.

ಮೆಡಿಕಲ್ ವಿದ್ಯಾರ್ಥಿಗಳು ಇಂಥ ಓಣಿಗಳಿಗೆ ಬರುವುದು ಸುಮ್ನೆ ಪ್ರವಾಸಕ್ಕಲ್ಲ. ಎಂಬಿಬಿಎಸ್‌ನಲ್ಲಿ ಕಮ್ಯುನಿಟಿ ಮೆಡಿಸಿನ್ ಅಂತ ಒಂದು ಪೂರ್ತಿ ವಿಷಯವೇ ಇದೆ. ಹಳಬರು ಇನ್ನೂ ಪಿಎಸ್‌ಎಂ (ಪ್ರಿವೆಂಟಿವ್ ಅಂಡ್ ಸೋಶಿಯಲ್ ಮೆಡಿಸಿನ್) ಅಂತಲೇ ಕರೆಯುತ್ತಾರೆ. ಪ್ರತಿ ಮೆಡಿಕಲ್ ಕಾಲೇಜಿಗೂ ಹಳ್ಳಿಯಲ್ಲೊಂದು, ನಗರದಲ್ಲೊಂದು ತರಬೇತಿ ಕೇಂದ್ರ ಇರಬೇಕು ಅನ್ನುವುದು ನಿಯಮ. ನಗರದ ಕೇಂದ್ರದಿಂದ ಹೊರಡುವ ವಿದ್ಯಾರ್ಥಿಗಳ ತಂಡಕ್ಕೆ ಕೊಡುವ ಮುಖ್ಯ ಕೆಲಸಗಳಲ್ಲಿ ಒಂದು, ಈ ಜಾಗದ ಜನರ ಆರೋಗ್ಯಕ್ಕೆ ಏನೇನು ಬೇಕು ಅಂತ ಕಂಡುಹಿಡಿಯುವುದು.

ಕೇಳಲಿಕ್ಕೆ ಸುಲಭ. ಮನೆ ಮನೆಗೆ ಹೋಗಿ "ನಿಮಗೆ ಏನು ತೊಂದರೆ?" ಅಂತ ಕೇಳಿದರಾಯಿತು, ಅಲ್ವಾ? ಅಷ್ಟೇ ಆಗಿದ್ದರೆ ಆಸ್ಪತ್ರೆಯ ಚೀಟಿಗಳನ್ನು ಎಣಿಸಿದರೂ ಸಾಕಿತ್ತು.

ಬೇಕು ಅಂದರೆ ಯಾರಿಗೆ ಬೇಕು?

ಬ್ರಿಟನ್ನಿನ ಜೊನಾಥನ್ ಬ್ರ್ಯಾಡ್‌ಶಾ ಎಂಬ ಸಮಾಜ ನೀತಿ ತಜ್ಞರು 1972ರಲ್ಲಿ "ಅಗತ್ಯ" ಅನ್ನುವುದನ್ನು ನಾಲ್ಕು ಬಗೆಯಾಗಿ ಬಿಡಿಸಿಟ್ಟರು. ಅದು ಇವತ್ತಿಗೂ ಈ ಕೆಲಸದ ಬೆನ್ನೆಲುಬು. ತಜ್ಞರು ಅಳೆದು ಹೇಳುವುದು ಒಂದು. ಜನರಿಗೆ ತಾವಾಗಿಯೇ ಅನ್ನಿಸುವುದು ಇನ್ನೊಂದು. ಅನ್ನಿಸಿ, ಬಾಯಿಬಿಟ್ಟು ಕೇಳಿ, ಆಸ್ಪತ್ರೆಗೋ ಪಾಲಿಕೆಗೋ ಹೋಗಿದ್ದು ಮೂರನೆಯದು. ಪಕ್ಕದ ವಾರ್ಡಿನವರಿಗೆ ಇದೆ, ಇವರಿಗಿಲ್ಲ ಅಂತ ಹೋಲಿಸಿದಾಗ ಕಾಣುವುದು ನಾಲ್ಕನೆಯದು.

ಇವು ನಾಲ್ಕೂ ಒಂದೇ ಉತ್ತರ ಕೊಡುವುದು ಅಪರೂಪ. ಬಿಪಿಯನ್ನೇ ನೋಡಿ. 140/90 ದಾಟಿದ್ದರೆ ಡಾಕ್ಟರ ಲೆಕ್ಕದಲ್ಲಿ ಅದು ತೊಂದರೆ. ಆ ಮನುಷ್ಯನಿಗೆ ಏನೂ ಅನ್ನಿಸುತ್ತಿರುವುದಿಲ್ಲ, ಆರಾಮಾಗಿ ಮೀನಿನ ಬುಟ್ಟಿ ಹೊರುತ್ತಿರುತ್ತಾನೆ. ಮಗುವಿನ ತೋಳಿಗೆ ಸುತ್ತುವ ಬಣ್ಣದ ಟೇಪ್ ಕೂಡ ಹಾಗೇ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಟೇಪು ಕೆಂಪು ತೋರಿಸುತ್ತದೆ. ತೀವ್ರ ಅಪೌಷ್ಟಿಕತೆ ಅಂತ ಅರ್ಥ. ತಾಯಿ ಮಾತ್ರ "ಇವ ಹುಟ್ಟಿದಾಗಿನಿಂದ ಸಣಕಲೇ" ಅಂತ ನಕ್ಕುಬಿಡುತ್ತಾಳೆ.

ಇದರ ಉಲ್ಟಾ ಕೂಡ ಇದೆ. ಹೆಂಗಸರ ಗುಂಪನ್ನು ಕೂರಿಸಿಕೊಂಡು ಮಾತಾಡಿಸಿದರೆ ಮೊದಲು ಬರುವ ಮಾತು ಕಾಯಿಲೆಯದ್ದಲ್ಲ. "ಕಕ್ಕಸಿನ ಚಿಲಕ ಮುರಿದಿದೆ, ಲೈಟಿಲ್ಲ" ಅಂತ ಶುರು ಮಾಡುತ್ತಾರೆ. ಹೊಸ ವಿದ್ಯಾರ್ಥಿ ಪೆನ್ನು ಕೆಳಗಿಡುತ್ತಾನೆ, ಇದು ಪಾಲಿಕೆಯ ಕೆಲಸ, ನನ್ನ ಫಾರ್ಮಿನಲ್ಲಿ ಕಾಲಮ್ಮೇ ಇಲ್ಲ ಅಂತ. ಸ್ವಲ್ಪ ಕೆದಕಿ ಕೇಳಿದರೆ ಗೊತ್ತಾಗುತ್ತದೆ. ಕತ್ತಲಾದ ಮೇಲೆ ಅಲ್ಲಿಗೆ ಹೋಗಬೇಕಾಗಬಾರದು ಅಂತ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದಾರೆ. ಮೂತ್ರ ಕಟ್ಟಿಕೊಂಡು ಕೂರುತ್ತಾರೆ. ಉರಿಮೂತ್ರ, ಸೋಂಕು, ಪದೇ ಪದೇ ಔಷಧಿ. ಮೆಡಿಕಲ್ ಶಾಪಿನಿಂದ ತಂದ ಮಾತ್ರೆಯ ಖಾಲಿ ಪಟ್ಟಿ ಗೋಡೆಯ ಮೊಳೆಯಲ್ಲಿ ಸಿಕ್ಕಿಸಿಟ್ಟಿರುತ್ತದೆ. ಮತ್ತೆ ಬೇಕಾದರೆ ಅಂಗಡಿಯಲ್ಲಿ ತೋರಿಸಲಿಕ್ಕೆ. ಒಂದು ಚಿಲಕ, ಒಂದು ಬಲ್ಬು ಆರೋಗ್ಯದ ವಿಷಯ ಆಗುವುದು ಹೀಗೆ. ಜನ ಮೊದಲು ಹೇಳಿದ್ದನ್ನು ವಿಷಯಾಂತರ ಅಂದುಕೊಂಡ ವಿದ್ಯಾರ್ಥಿ ಅರ್ಧ ಉತ್ತರವನ್ನು ಅಲ್ಲೇ ಬಿಟ್ಟು ಬರುತ್ತಾನೆ.

ಬೀಗ ಹಾಕಿದ ಮನೆ

ನನ್ನ ಪ್ರಕಾರ ಇಡೀ ಕೆಲಸದ ಕಷ್ಟ ಇರುವುದು ಇಲ್ಲಿ. ಪ್ರಶ್ನೆ ಬರೆಯುವುದರಲ್ಲಲ್ಲ, ಯಾರನ್ನು ಎಣಿಸಿದ್ದೇವೆ ಅನ್ನುವುದರಲ್ಲಿ.

ಸಾಮಾನ್ಯ ಕ್ರಮ ಹೀಗೆ. ಮೊದಲು ಓಣಿಯಲ್ಲಿ ಸುಮ್ನೆ ನಡೆಯಬೇಕು, ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಒಳ್ಳೆಯದು. ನಲ್ಲಿ ಎಲ್ಲಿ, ಚರಂಡಿ ಎಲ್ಲಿ ಮುಗಿಯುತ್ತದೆ, ಅಂಗನವಾಡಿ ಎಷ್ಟು ದೂರ ಅಂತ ಕೈಯಲ್ಲೇ ಒಂದು ನಕ್ಷೆ ಬರೆಯಬೇಕು. ಆಮೇಲೆ ಎಲ್ಲ ಮನೆಗಳಿಗೆ ನಂಬರು. 300 ಮನೆ ಇದ್ದು, 60 ಮನೆ ನೋಡಿದರೆ ಸಾಕು ಅಂತಿದ್ದರೆ ಪ್ರತಿ ಐದನೇ ಮನೆ. ಎಲ್ಲಿಂದ ಶುರು ಅನ್ನುವುದಕ್ಕೆ 1ರಿಂದ 5ರೊಳಗೆ ಒಂದು ಚೀಟಿ ಎತ್ತುವುದು. ಮೂರು ಬಂದರೆ 3, 8, 13, ಹೀಗೆ. ತಮಗೆ ಇಷ್ಟವಾದ, ಕರೆದು ಕೂರಿಸುವ ಮನೆಗಳನ್ನೇ ಆರಿಸಬಾರದು ಅಂತ ಈ ಕಟ್ಟುಪಾಡು.

ವಿದ್ಯಾರ್ಥಿಗಳು ಬರುವುದು ಬೆಳಿಗ್ಗೆ ಹತ್ತಕ್ಕೆ. ಅಷ್ಟು ಹೊತ್ತಿಗೆ ಗಾರೆ ಕೆಲಸದವರು ಸೈಟಿನಲ್ಲಿರುತ್ತಾರೆ. ಮೀನು ಆರಿಸುವ ಹೆಂಗಸರು ಬೆಳಗಿನ ಜಾವವೇ ದಕ್ಕೆಗೆ, ಅಂದರೆ ಮೀನುಗಾರಿಕಾ ಬಂದರಿಗೆ, ಹೋಗಿರುತ್ತಾರೆ. ಮನೆಯಲ್ಲಿ ಸಿಗುವವರು ಮುದುಕರು, ಬಾಣಂತಿಯರು, ಹುಷಾರಿಲ್ಲದವರು, ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು. ಎಂಟನೇ ಮನೆಗೆ ಬೀಗ. "ಒಂಬತ್ತಕ್ಕೆ ಹೋಗುವಾ" ಅಂತ ಒಂದು ಮನೆ ಮುಂದೆ ಹೋಗುವುದು ಸಹಜ. ಹಾಗೆ ಹತ್ತು ಸಲ ಮುಂದೆ ಹೋದರೆ ಸರ್ವೆಯಲ್ಲಿ ಉಳಿಯುವುದು ಹಗಲು ಮನೆಯಲ್ಲಿರುವವರ ಊರು. ಬೆನ್ನು ನೋವು, ಕುತ್ತಿಗೆ ನೋವು, ತಂಬಾಕಿನ ಪುಡಿಯಿಂದ ಕೆಮ್ಮು ಇವೆಲ್ಲ ಪಟ್ಟಿಯ ಮೇಲೆ ಬರುತ್ತವೆ. ಅವೂ ಸುಳ್ಳಲ್ಲ. ಆದರೆ ಸೈಟಿನಲ್ಲಿ ಬಿದ್ದು ಕಾಲು ಮುರಿದುಕೊಂಡದ್ದು, ಸಂಜೆಯ ಕುಡಿತ, ಚಳಿ ಜ್ವರ ಇವೆಲ್ಲ ಬೀಗದ ಹಿಂದೆ ಉಳಿದುಬಿಡುತ್ತವೆ. ಅದಕ್ಕೇ ನಿಯಮ ಕಟ್ಟುನಿಟ್ಟು. ಬೀಗ ಇದ್ದ ಮನೆಗೆ ಪಕ್ಕದ ಮನೆ ಬದಲಿ ಅಲ್ಲ. ಸಂಜೆ ಏಳಕ್ಕೋ ಆದಿತ್ಯವಾರವೋ ಮತ್ತೆ ಬರಬೇಕು. ಕಾಲೇಜಿನ ಬಸ್ಸು ಮಧ್ಯಾಹ್ನಕ್ಕೇ ವಾಪಸು ಹೊರಡುತ್ತದೆ ಅನ್ನುವುದು ಬೇರೆ ವಿಷಯ.

ಲೆಕ್ಕ ಎಷ್ಟು ಬದಲಾಗುತ್ತದೆ ಅಂತ ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ಒಂದು ಓಣಿಯಲ್ಲಿ ನೂರು ಮನೆ, ನಾನೂರು ಜನ. ಪಕ್ಕದ ಸೈಟಿನ ಶೆಡ್ಡುಗಳಲ್ಲಿ ಅರವತ್ತು ಗಂಡಸರು. ಎರಡು ವಾರದಲ್ಲಿ ಓಣಿಯಲ್ಲಿ ಆರು ಜನಕ್ಕೆ ಜ್ವರ, ಶೆಡ್ಡಿನಲ್ಲಿ ಒಂಬತ್ತು ಜನಕ್ಕೆ. ಶೆಡ್ಡು ಬಿಟ್ಟು ಲೆಕ್ಕ ಹಾಕಿದರೆ ನೂರಕ್ಕೆ ಒಂದೂವರೆ. ಸೇರಿಸಿದರೆ ನೂರಕ್ಕೆ ಮೂರು ಚಿಲ್ಲರೆ, ಅಂದರೆ ದುಪ್ಪಟ್ಟಿಗಿಂತ ಜಾಸ್ತಿ. ಶೆಡ್ಡನ್ನು ಮಾತ್ರ ನೋಡಿದರೆ ನೂರಕ್ಕೆ ಹದಿನೈದು. ಜ್ವರ ಬಂದವರನ್ನು ಎಣಿಸುವುದು ಸುಲಭ. ಎಷ್ಟು ಜನರಲ್ಲಿ ಅಷ್ಟು ಅನ್ನುವ ಕೆಳಗಿನ ಸಂಖ್ಯೆಯಲ್ಲೇ ಎಲ್ಲ ಎಡವುವುದು.

ಯಾವ ತಿಂಗಳಲ್ಲಿ ಹೋಗುತ್ತೀರಿ ಅನ್ನುವುದೂ ಇದೇ ಲೆಕ್ಕದ ಭಾಗ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟಿನಲ್ಲಿ ದುಡಿಯುವ ಹೊರ ರಾಜ್ಯದವರು ಊರಿಗೆ ಹೋಗಿರುತ್ತಾರೆ. ಬಾಗಲಕೋಟೆ, ಕೊಪ್ಪಳ, ಗದಗ ಕಡೆಯವರಲ್ಲಿ ಕೆಲವರು ಬಿತ್ತನೆಗೆ ಅಂತ ಹೊರಟಿರುತ್ತಾರೆ. ಜ್ವರ ಏರುವುದು ಆ ಮಳೆಗಾಲದಲ್ಲೇ. ಒಂದೇ ಓಣಿಗೆ ಜನವರಿಯಲ್ಲಿ ಹೋದ ತಂಡ ಮತ್ತು ಜುಲೈಯಲ್ಲಿ ಹೋದ ತಂಡ ಬೇರೆ ಬೇರೆ ಊರಿನ ವರದಿ ತಂದಂತಿರುತ್ತದೆ.

ಕೇಳುವ ರೀತಿಯಲ್ಲೂ ಕೆಲವು ಉಪಾಯಗಳಿವೆ. "ಇತ್ತೀಚೆಗೆ ಹುಷಾರಿರಲಿಲ್ವಾ?" ಅಂತ ಕೇಳಿದರೆ ಉತ್ತರಕ್ಕೆ ಗಡಿಯೇ ಇಲ್ಲ. ದೇಶದ ದೊಡ್ಡ ಆರೋಗ್ಯ ಸಮೀಕ್ಷೆಗಳು ಸಣ್ಣಪುಟ್ಟ ಕಾಯಿಲೆಗೆ ಹಿಂದಿನ 15 ದಿನ, ಆಸ್ಪತ್ರೆಗೆ ಸೇರಿದ್ದಕ್ಕೆ ಹಿಂದಿನ 365 ದಿನ ಅಂತ ಗಡಿ ಹಾಕಿಕೊಳ್ಳುತ್ತವೆ. ನೆಗಡಿ ಮರೆತು ಹೋಗುತ್ತದೆ, ಆಪರೇಷನ್ ಮರೆಯುವುದಿಲ್ಲ. ತಾರೀಕು ನೆನಪಿಲ್ಲದವರಿಗೆ ಹಬ್ಬಗಳೇ ಕ್ಯಾಲೆಂಡರು. ಮಗು ಹುಟ್ಟಿದ್ದು ಕುದ್ರೋಳಿ ದಸರಾಕ್ಕೆ ಮೊದಲಾ, ಆಮೇಲಾ? ಉರೂಸಿನ ಹೊತ್ತಿಗೆ ನಡೆಯುತ್ತಿತ್ತಾ? ಹಾಗೆ ಹಿಡಿದು ಹಿಡಿದು ವಯಸ್ಸು ಗೊತ್ತು ಮಾಡಿ, ತಾಯಿ ಕಾರ್ಡ್ ತೆಗೆಸಿ, ಒಂಬತ್ತು ತಿಂಗಳು ತುಂಬಿದ ಮೇಲೆ ಕೊಡುವ ದಡಾರ-ರುಬೆಲ್ಲಾ ಚುಚ್ಚುಮದ್ದು ಬಿದ್ದಿದೆಯಾ ನೋಡಬೇಕು. ಊರಿಂದೂರಿಗೆ ಹೋಗುವ ಕುಟುಂಬಗಳಲ್ಲಿ ತಪ್ಪಿಹೋಗುವ ಲಸಿಕೆಗಳಲ್ಲಿ ಇದೂ ಒಂದು.

ನೀರು ನಿಂತದ್ದು ಎಲ್ಲಿ?

ಮಂಗಳೂರಿಗೂ ಮಲೇರಿಯಾಕ್ಕೂ ಇರುವ ನಂಟು ಹಳೆಯದು. 1990ರ ದಶಕದಲ್ಲಿ ಕಟ್ಟಡಗಳು ಏಳತೊಡಗಿದಾಗಿನಿಂದ ಈ ಊರು ಅದರ ಜೊತೆ ಗುದ್ದಾಡುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಪ್ರಕರಣಗಳು ಬಹಳ ಇಳಿದಿವೆ. ಆದರೂ ಇಲ್ಲಿ ಸರ್ವೆ ಕಲಿಯುವವರಿಗೆ ಇದರಷ್ಟು ಒಳ್ಳೆಯ ಪಾಠ ಬೇರೆ ಇಲ್ಲ.

ವಿದ್ಯಾರ್ಥಿನಿ ಒಬ್ಬಳು ಮನೆಯ ಹಿಂದಿನ ನೀಲಿ ಡ್ರಮ್ಮಿನ ಮೇಲಿನ ಹಲಗೆ ಸರಿಸಿ ಮೊಬೈಲಿನ ಟಾರ್ಚ್ ಬಿಡುತ್ತಾಳೆ. ನೆರಳು ಬಿದ್ದ ಕೂಡಲೇ ಸೊಳ್ಳೆಯ ಮರಿಹುಳಗಳು ಕೊಂಕುತ್ತಾ ತಳಕ್ಕೆ ಇಳಿಯುತ್ತವೆ. ಕಾಯಬೇಕು. ಉಸಿರಿಗೆ ಮತ್ತೆ ಮೇಲೆ ಬರುತ್ತವೆ. ಆಗ ಅವು ನಿಲ್ಲುವ ಭಂಗಿ ನೋಡಬೇಕು. ತಲೆ ಕೆಳಗಾಗಿ, ಬಾಲದ ತುದಿಯ ಕೊಳವೆಯಿಂದ ನೇತಾಡುತ್ತಿದ್ದರೆ ಈಡಿಸ್ಸೋ ಕ್ಯೂಲೆಕ್ಸೋ ಜಾತಿಯ ಸೊಳ್ಳೆಯದ್ದು. ನೀರಿನ ಮೇಲ್ಮೈಗೆ ಅಂಟಿದಂತೆ ಅಡ್ಡಡ್ಡ ಮಲಗಿದ್ದರೆ ಅನಾಫಿಲಿಸ್, ಅಂದರೆ ಮಲೇರಿಯಾದ ಸೊಳ್ಳೆಯ ಮರಿ. ಸಣ್ಣ ಬಿಳಿ ಬಟ್ಟಲಿಗೆ ನೀರು ತೆಗೆದು ನೋಡಿದರೆ ಇನ್ನೂ ಸ್ಪಷ್ಟ. ಆ ಡ್ರಮ್ಮಿನಲ್ಲಿ ನೇತಾಡುತ್ತಿದ್ದವು ಈಡಿಸ್ ಆದರೆ ಅದು ಡೆಂಗಿಯ ಕಥೆ. 2019ರ ಮಳೆಗಾಲದಲ್ಲಿ ಗುಜ್ಜರಕೆರೆ ಸುತ್ತಮುತ್ತ ಡೆಂಗಿ ಎಬ್ಬಿಸಿದ ಗಾಬರಿ ಊರಿಗೆ ಇನ್ನೂ ನೆನಪಿದೆ.

ಹಾಗಾದರೆ ಓಣಿಯವರಿಗೆ ಬರುವ ಮಲೇರಿಯಾ ಎಲ್ಲಿಂದ? ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿಗೆ ಕೊಳಕು ಚರಂಡಿ ಹಿಡಿಸುವುದಿಲ್ಲ. ಅದಕ್ಕೆ ಬೇಕಾದ್ದು ತಿಳಿ ನೀರು. ಸ್ಲ್ಯಾಬ್ ಗಟ್ಟಿಯಾಗಲಿ ಅಂತ ಕಟ್ಟಿ ನಿಲ್ಲಿಸಿದ ನೀರು, ಮುಚ್ಚಳ ಸರಿಯಿಲ್ಲದ ಟ್ಯಾಂಕು, ಯಾರೂ ಸೇದದ ಬಾವಿ, ಲಿಫ್ಟಿಗೆ ಅಂತ ತೋಡಿದ ಗುಂಡಿ. ಜ್ವರ ಓಣಿಯಲ್ಲಿದೆ, ನೀರು ನಿಂತಿರುವುದು ಪಕ್ಕದ ಮೂರನೇ ಮಹಡಿಯಲ್ಲಿ. ಸರ್ವೆಯ ಗೆರೆಯನ್ನು ಸ್ಲಮ್ಮಿನ ಸುತ್ತ ಮಾತ್ರ ಎಳೆದರೆ ಆ ನೀರು ಕಾಣಿಸುವುದೇ ಇಲ್ಲ. ಆಮೇಲೆ "ಸ್ಲಮ್ಮಿನವರಿಗೆ ಶುಚಿತ್ವದ ಬಗ್ಗೆ ತಿಳಿವಳಿಕೆ ಕೊಡಬೇಕು" ಅಂತ ಒಂದು ಶಿಫಾರಸು ಬರೆದು ಮುಗಿಸುತ್ತಾರೆ. ಇಂಥ ಶಿಫಾರಸು ಓದಿದರೆ ನನಗೆ ಸಿಟ್ಟು ಬರುತ್ತದೆ.

ಔಷಧಿಯಲ್ಲೂ ಒಂದು ತೊಡಕಿದೆ. ವೈವ್ಯಾಕ್ಸ್ ಮಲೇರಿಯಾದ ಪರೋಪಜೀವಿ ಯಕೃತ್ತಿನಲ್ಲಿ ನಿದ್ದೆ ಹೋಗಿ ವಾರಗಳು, ತಿಂಗಳುಗಳಾದ ಮೇಲೆ ಮತ್ತೆ ಏಳುತ್ತದೆ. ಅದನ್ನು ಕೊಲ್ಲಲಿಕ್ಕೆ ಮೂರು ದಿನದ ಕ್ಲೋರೋಕ್ವಿನ್ ಸಾಲದು, 14 ದಿನ ಪ್ರೈಮಾಕ್ವಿನ್ ಬೇಕು. ನಾಲ್ಕನೇ ದಿನ ಜ್ವರ ಬಿಟ್ಟಿರುತ್ತದೆ, ಏಳನೇ ದಿನ ಮೇಸ್ತ್ರಿ ಬೇರೆ ಸೈಟಿಗೆ ಕರೆದುಕೊಂಡು ಹೋಗಿರುತ್ತಾನೆ. ಆದ್ದರಿಂದ "ಜ್ವರ ಬಂದಿತ್ತಾ? ಮಾತ್ರೆ ತಗೊಂಡ್ರಾ?" ಅಂತ ಕೇಳಿದರೆ ಎರಡಕ್ಕೂ ಹೌದು ಅಂತಲೇ ಉತ್ತರ. ಎಷ್ಟು ದಿನ ತಗೊಂಡರು ಅಂತ ಕೇಳಿದರೆ ಮಾತ್ರ ವಿಷಯ ಹೊರಗೆ ಬರುತ್ತದೆ.

"ಏನ್ ಕೊಡ್ತೀರಿ ನೀವು?"

"ಅಕ್ಕಾ, ಒಂದು ಐದು ನಿಮಿಷ ಮಾತಾಡ್ಬಹುದಾ?" ಅಂತ ಕೇಳಿದ ಹುಡುಗನಿಗೆ ಬಾಗಲಕೋಟೆ ಕಡೆಯ ಹೆಂಗಸೊಬ್ಬರು ಹೇಳಿದ್ದು: "ಹ್ವಾದ ವರ್ಷನೂ ಬಂದಿದ್ರಲ್ರೀ, ಬರ್ಕೊಂಡ್ ಹೋದ್ರಿ. ಏನಾತು?" ಈ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇರಲಿಲ್ಲ. ನಗರದಲ್ಲಿ ಮೆಡಿಕಲ್ ಕಾಲೇಜುಗಳು ಜಾಸ್ತಿ ಇದ್ದಷ್ಟೂ ಒಂದೇ ಓಣಿಗೆ ಬರುವ ಬಿಳಿ ಕೋಟುಗಳೂ ಜಾಸ್ತಿ.

ಅದಕ್ಕೇ ಹೊಸ ಫಾರ್ಮ್ ಅಚ್ಚು ಹಾಕಿಸುವ ಮೊದಲು ಈಗಾಗಲೇ ಏನಿದೆ ನೋಡಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಪ್ರಕಾರ 200ರಿಂದ 500 ಮನೆಗೆ ಒಬ್ಬ ಆಶಾ, 50ರಿಂದ 100 ಮನೆಗೆ ಒಂದು ಮಹಿಳಾ ಆರೋಗ್ಯ ಸಮಿತಿ ಇರಬೇಕು. 30 ವರ್ಷ ದಾಟಿದವರ ಬಗ್ಗೆ ಆಶಾ ತುಂಬುವ ಫಾರ್ಮಿನಲ್ಲಿ ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆತನದ ಕಾಯಿಲೆ ಎಲ್ಲಕ್ಕೂ ಅಂಕ ಇದೆ. ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಆ ಫಾರ್ಮುಗಳನ್ನು ತೆರೆದು ನೋಡಿದರೆ ಅರ್ಧ ಪ್ರಶ್ನೆಗಳನ್ನು ಮತ್ತೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಆಶಾ ಪಟ್ಟಿಯಲ್ಲಿ ಇಲ್ಲದವರು ಯಾರು ಅಂತ ಹುಡುಕುವುದು ವಿದ್ಯಾರ್ಥಿಗಳು ನಿಜವಾಗಿ ಮಾಡಬಹುದಾದ ಕೆಲಸ. ಎಷ್ಟೋ ಸಲ ಶೆಡ್ಡಿನವರು ಅದರಲ್ಲೂ ಇರುವುದಿಲ್ಲ.

ಒಪ್ಪಿಗೆಯ ಮಾತೂ ಇಲ್ಲೇ ಬರುತ್ತದೆ. ಸಹಿ ಹಾಕಿಸಿಕೊಂಡರೆ ಒಪ್ಪಿಗೆ ಆಗುವುದಿಲ್ಲ. ಅತ್ತೆ, ಮೈದುನ, ಪಕ್ಕದ ಮನೆಯವರು ಎಲ್ಲ ನಿಂತಿರುವಾಗ ಮುಟ್ಟಿನ ಬಗ್ಗೆ, ಗಂಡನ ಹೊಡೆತದ ಬಗ್ಗೆ ಕೇಳಿದರೆ ಯಾರು ಬಾಯಿಬಿಡುತ್ತಾರೆ? ಕೇಳಲೂಬಾರದು. ಬಿಪಿ ನೋಡಿ ಜಾಸ್ತಿ ಬಂದರೆ ಅದನ್ನು ಫಾರ್ಮಿನಲ್ಲಿ ಮಾತ್ರ ಬರೆದುಕೊಂಡು ಹೋಗುವಂತಿಲ್ಲ. ಯಾವ ದಿನ, ಯಾವ ಕೇಂದ್ರಕ್ಕೆ ಹೋಗಬೇಕು ಅಂತ ಚೀಟಿ ಕೊಡಬೇಕು.

ಮೊದಲು ಯಾವುದು?

ಎಲ್ಲ ಸೇರಿ ಇಪ್ಪತ್ತು ತೊಂದರೆ ಸಿಕ್ಕವು ಅನ್ನಿ. ಎಲ್ಲದಕ್ಕೂ ಕೈಹಾಕಲು ಆಗುವುದಿಲ್ಲ. ಆರಿಸಲಿಕ್ಕೆ ಹ್ಯಾನ್ಲನ್ ಪದ್ಧತಿ ಅಂತ ಒಂದಿದೆ. ಮೂರು ಪ್ರಶ್ನೆ: ಎಷ್ಟು ಜನರಿಗೆ ಇದೆ, ಎಷ್ಟು ಗಂಭೀರ, ನಾವು ಏನಾದರೂ ಮಾಡಿದರೆ ಎಷ್ಟು ಫಲ ಸಿಗುತ್ತದೆ? ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ. ಗಂಭೀರತೆಯ ಅಂಕವನ್ನು ಎರಡು ಪಟ್ಟು ಮಾಡಿ, ಸಂಖ್ಯೆಯ ಅಂಕಕ್ಕೆ ಕೂಡಿಸಿ, ಬಂದದ್ದನ್ನು ಫಲದ ಅಂಕದಿಂದ ಗುಣಿಸಬೇಕು.

ನಾನೇ ಅಂಕ ಹಾಕಿ ತೋರಿಸುತ್ತೇನೆ, ಉದಾಹರಣೆಗೆ ಮಾತ್ರ. ಬಿಪಿ: 8, 7, 6. ಎಂಟಕ್ಕೆ ಹದಿನಾಲ್ಕು ಕೂಡಿ ಆರರಿಂದ ಗುಣಿಸಿದರೆ 132. ಕುಡಿತ: 7, 8, 3. ಬರುವುದು 69. ಮಲೇರಿಯಾ: 3, 6, 9. ಬರುವುದು 135. ಕಡಿಮೆ ಜನರಿಗೆ ಇರುವ ಮಲೇರಿಯಾ ಮೇಲೆ ಬಂತು, ಯಾಕೆಂದರೆ ಅದಕ್ಕೆ ಮಾಡಬಹುದಾದ್ದು ಸ್ಪಷ್ಟವಾಗಿದೆ. ಹೆಂಗಸರು ಹೇಳಿಕೊಳ್ಳುವ ಕುಡಿತ ಕೆಳಗೆ ಹೋಯಿತು. ಕೊನೆಯ ಅಂಕ ಯಾರು ಹಾಕುತ್ತಾರೆ ಅನ್ನುವುದರ ಮೇಲೆ ಇಡೀ ಪಟ್ಟಿ ನಿಂತಿದೆ. ಕ್ಲಾಸಿನಲ್ಲಿ ಕೂತು ಹಾಕುವ ಅಂಕಕ್ಕೂ, ಆಶಾ, ಅಂಗನವಾಡಿ ಟೀಚರ್, ಓಣಿಯ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ಹಾಕುವ ಅಂಕಕ್ಕೂ ವ್ಯತ್ಯಾಸ ಇದೆ. ಹಾಗಾಗಿ ಈ ಗುಣಾಕಾರವನ್ನು ನಾನು ಮಾತುಕತೆ ಶುರು ಮಾಡಲಿಕ್ಕೆ ಬಳಸುತ್ತೇನೆಯೇ ಹೊರತು ಮುಗಿಸಲಿಕ್ಕಲ್ಲ. ಅಂಕದ ನಂತರವೂ ಕೇಳಬೇಕಾದ್ದು ಇರುತ್ತದೆ: ದುಡ್ಡಿದೆಯಾ, ಜನ ಒಪ್ಪುತ್ತಾರಾ, ಮಾಡುವವರು ಇದ್ದಾರಾ, ಕಾನೂನು ಬಿಡುತ್ತದಾ, ಇದು ನಮ್ಮ ಕೆಲಸವೇ?

ವರದಿ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ಮುಂದಿನದು. ಕಾಲೇಜಿನ ಕಪಾಟಿಗೆ ಒಂದು ಪ್ರತಿ ಹೋಗಿಯೇ ಹೋಗುತ್ತದೆ. ಸ್ಲ್ಯಾಬಿನ ನೀರಿನ ವಿಷಯ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಮತ್ತು ಜಿಲ್ಲೆಯ ರೋಗವಾಹಕ ನಿಯಂತ್ರಣಾಧಿಕಾರಿಗೆ ಹೋಗಬೇಕು. ಕೆಂಪು ಟೇಪಿನ ಮಗುವಿನ ವಿಷಯ ಅವತ್ತೇ ಅಂಗನವಾಡಿಗೆ ಮತ್ತು ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಗಾರೆ ಕೆಲಸದವರಲ್ಲಿ ಎಷ್ಟು ಜನ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ನೋಂದಾಯಿಸಿಲ್ಲ ಅನ್ನುವುದು ಕಾರ್ಮಿಕ ಇಲಾಖೆಗೆ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಾಯಿಸಬಹುದು. ಇನ್ನೊಂದು ಪ್ರತಿ, ಎರಡೇ ಪುಟದ್ದಾದರೂ ಸರಿ, ಓದಿ ಹೇಳಲಿಕ್ಕೆ ಓಣಿಗೇ ವಾಪಸು ಬರಬೇಕು. ಮುಂದಿನ ವರ್ಷದ ತಂಡಕ್ಕೆ ಹಳೆಯ ನಕ್ಷೆ ಮತ್ತು ಮನೆ ನಂಬರುಗಳು ಸಿಕ್ಕಿದರೆ ಅವರು ಮೊದಲಿನಿಂದ ಶುರು ಮಾಡಬೇಕಾಗಿಲ್ಲ.

ನಿಮ್ಮ ಬೀದಿಗೂ ಇಂಥ ತಂಡ ಬಂದರೆ, ಫಾರ್ಮಿನಲ್ಲಿರುವುದಕ್ಕೆ ಉತ್ತರ ಕೊಟ್ಟ ಮೇಲೆ ಮೂರು ವಿಷಯ ಹೇಳಿ. ಹತ್ತಿರದಲ್ಲಿ ಕೆಲಸಗಾರರ ಶೆಡ್ಡು ಎಲ್ಲಿದೆ, ಅಲ್ಲಿಯವರು ಎಷ್ಟು ಹೊತ್ತಿಗೆ ಸಿಗುತ್ತಾರೆ, ಅರ್ಧಕ್ಕೆ ನಿಂತ ಕಟ್ಟಡ ಇದ್ದರೆ ಅದರ ಗೇಟಿನ ಕೀಲಿ ಯಾರ ಹತ್ತಿರ ಇದೆ.